ಆ ಕಡೆಯ ಬೀದಿ

ನನ್ನ ಗಂಡ ಫೋಸ್ಕೊನಿಗೆ ಬಂದವರಿಗೆಲ್ಲ ಊರು ತೋರಿಸುವ ಹುಚ್ಚು. ಸಿಯೆನಾದ ಸಿಟಿ ಬಸ್ಸನ್ನು ನಿವೃತ್ತಿಯಾಗುವ ತನಕ ಓಡಿಸಿದವನು. ಯಾವ ತಿರುವಿನಲ್ಲಿ ಯಾರ ಮನೆಯ ಹೆಂಚು ಸಡಿಲವಾಗಿದೆ ಎಂಬುದೂ ಅವನಿಗೆ ಗೊತ್ತು. ಆದರೆ ಅವನ ಹಿಂದೆ ಹೊರಟವರ ಮೊಣಕಾಲನ್ನು ದೇವರೇ ಕಾಯಬೇಕು. ನಮ್ಮ ಬಾಗಿಲಿನಿಂದ ಹಳೆ ಮಾರುಕಟ್ಟೆಗೆ ಹೋಗಲು ಒಂದು ಬೀದಿ ದಾಟಿದರೆ ಸಾಕು, ಕೈಯಲ್ಲಿರುವ ಕಾಫಿ ಕೂಡ ಆರುವುದಿಲ್ಲ. ಫೋಸ್ಕೊ ಮಾತ್ರ ಏರು ಹತ್ತಿ, ದೊಡ್ಡ ಚರ್ಚನ್ನು ಬಳಸಿ, ಚೌಕಕ್ಕೆ ಇಳಿದು, ಏದುಸಿರು ಬಿಡುತ್ತ ಅಲ್ಲಿಗೆ ತಲುಪುತ್ತಾನೆ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದರು ಎನ್ನುತ್ತಾರಲ್ಲ, ಹಾಗೆ. ಯಾಕೆಂದರೆ ನಡುವಿನ ಬೀದಿ ಆಮೆ ಕೇರಿಯದು. ಫೋಸ್ಕೊ ಬಸವನಹುಳು ಕೇರಿಯವನು.

ನಾನು ಮರೆಮ್ಮಾ ಕಡೆಯವಳು, ಕಡಲ ತೀರದಲ್ಲಿ ಮೀನು ತಿಂದು ಬೆಳೆದವಳು. ಮದುವೆಯಾಗಿ ಇಲ್ಲಿಗೆ ಬಂದಾಗ ಈ ಕೇರಿಗಳ ವಿಷಯ ಮಕ್ಕಳಾಟ ಅಂದುಕೊಂಡಿದ್ದೆ. ಹದಿನೇಳು ಕೇರಿ, ಒಂದೊಂದಕ್ಕೂ ಒಂದು ಪ್ರಾಣಿಯೋ ಮತ್ತೊಂದೋ ಗುರುತು, ತನ್ನದೇ ಬಾವುಟ, ತನ್ನದೇ ಚರ್ಚು, ಬಹುಪಾಲು ಕೇರಿಗಳಿಗೆ ತಮ್ಮದೇ ಆದ ಒಬ್ಬ ವೈರಿ. ಬೇಸಿಗೆಯ ಕುದುರೆ ಓಟದ ದಿನಗಳಲ್ಲಿ ಗಂಡನದೊಂದು ಕೇರಿ, ಹೆಂಡತಿಯದೊಂದು ಕೇರಿಯಾದರೆ ಅವಳು ಸೂಟ್‌ಕೇಸ್ ಹಿಡಿದು ತಾಯಿಯ ಮನೆಗೆ ಹೋಗಿಬಿಡುತ್ತಾಳೆ, ಓಟ ಮುಗಿದ ಮೇಲೆ ಏನೂ ಆಗಿಲ್ಲವೆಂಬಂತೆ ಬಂದು ಸಾರು ಕುದಿಸುತ್ತಾಳೆ. ನನಗಂತೂ ನಲವತ್ತು ವರ್ಷವಾದರೂ ಇದರ ತಲೆಬುಡ ತಿಳಿಯಲಿಲ್ಲ. ಫೋಸ್ಕೊನ ಬಾಯಲ್ಲಿ ಆಮೆ ಎಂಬ ಶಬ್ದ ನಾನು ಒಮ್ಮೆಯೂ ಕೇಳಿರಲಿಲ್ಲ. 'ಆ ಕಡೆಯವರು' ಎನ್ನುತ್ತಾನೆ, ಅಷ್ಟೇ. ಟಿವಿಯಲ್ಲಿ ಕಡಲಾಮೆ ಮೊಟ್ಟೆಯಿಡುವುದನ್ನು ತೋರಿಸಿದರೂ ಚಾನೆಲ್ ಬದಲಾಯಿಸುತ್ತಾನೆ. ನಾನು ಬ್ರೆಡ್ಡು ತರುವುದು ಆ ಬೀದಿಯಿಂದಲೇ, ಅಲ್ಲಿಯ ಒಲೆಯ ಬ್ರೆಡ್ಡಿನ ರುಚಿಯೇ ಬೇರೆ. ಅದು ಅವನಿಗೆ ಗೊತ್ತಿಲ್ಲ. ತಿಂದು ಬಾಯಿ ಚಪ್ಪರಿಸುತ್ತಾನೆ.

ನಮಗೆ ಮಕ್ಕಳಾಗಲಿಲ್ಲ. ಅದರ ದುಃಖ ನನಗೆ ಎಂದೋ ಹಳತಾಯಿತು. ಫೋಸ್ಕೊನಿಗೆ ವಯಸ್ಸಾದಂತೆ ಹೊಸದಾಗತೊಡಗಿತು. ಕೇರಿಯ ಹಬ್ಬದಲ್ಲಿ ಆ ವರ್ಷದ ಎಳೆಮಕ್ಕಳನ್ನು ಕೇರಿಯ ಕಾರಂಜಿಯ ಹತ್ತಿರ ತಂದು, ಯಜಮಾನರು ನೆತ್ತಿಗೆ ನೀರು ಹಾಕಿ, ಕೊರಳಿಗೆ ಕೇರಿಯ ರೇಷ್ಮೆ ವಸ್ತ್ರ ಕಟ್ಟುತ್ತಾರೆ. ಅಲ್ಲಿಂದ ಆ ಮಗು ಸಾಯುವವರೆಗೂ ಆ ಕೇರಿಯದೇ. ಪ್ರತಿ ಹಬ್ಬದಲ್ಲೂ ಫೋಸ್ಕೊ ಹಿಂದಿನ ಸಾಲಿನಲ್ಲಿ ನಿಂತು ಬೇರೆಯವರ ಮೊಮ್ಮಕ್ಕಳಿಗೆ ಚಪ್ಪಾಳೆ ತಟ್ಟಿ ಬರುತ್ತಿದ್ದ. "ನನ್ನ ಜೊತೆಗೇ ಮುಗೀತಲ್ಲೇ ದೆಲ್ಫೀನಾ, ನಮ್ಮ ಮನೇಲಿ ಬಸವನಹುಳು," ಎನ್ನುತ್ತಿದ್ದ. ನಾನು ಪಾತ್ರೆ ತೊಳೆಯುತ್ತ, "ಹೋಗ್ಲಿ ಬಿಡಯ್ಯಾ, ತೋಟದಲ್ಲಿ ಬೇಕಾದಷ್ಟಿದಾವೆ," ಎಂದುಬಿಡುತ್ತಿದ್ದೆ. ಮತ್ತೇನು ಹೇಳಲಿ?

ಹೀಗಿರುವಾಗ ದೂರದ ತೋರಿನೊ ನಗರದಿಂದ ಇಲಾರಿಯಾ ಫೋನು ಮಾಡಿದಳು. ಫೋಸ್ಕೊನ ಅಕ್ಕ ಅರ್ಜೀಯಾಳ ಮೊಮ್ಮಗಳು ಇವಳು. ಅರ್ಜೀಯಾ ಚಿಕ್ಕ ವಯಸ್ಸಿಗೇ ಕೆಲಸ ಹುಡುಕಿ ತೋರಿನೊಗೆ ಹೋದವಳು, ಅಲ್ಲೇ ಮದುವೆಯಾದವಳು. ಹೋದ ಚಳಿಗಾಲ ತೀರಿಕೊಂಡಳು. ನಮ್ಮ ಮದುವೆಗೂ ಅವಳು ಸಿಯೆನಾಕ್ಕೆ ಬಂದಿರಲಿಲ್ಲ. ಯಾಕೆ ಬರುವುದಿಲ್ಲ ಎಂದು ಒಮ್ಮೆ ಫೋನಿನಲ್ಲಿ ನಾನೇ ಕೇಳಿದ್ದೆ. "ನಿಮ್ಮೂರಲ್ಲಿ ಏರು ಜಾಸ್ತಿ ಕಣೇ," ಎಂದು ನಕ್ಕಿದ್ದಳು. ಈಗ ಇಲಾರಿಯಾ ಗಂಡನನ್ನೂ ಮಗುವನ್ನೂ ಕರೆದುಕೊಂಡು ಊರು ನೋಡಲು ಬರುತ್ತೇನೆ ಎಂದಳು. ಮಗುವಿನ ಹೆಸರು ಅಂತೋನಿಯೊ. ಈಗಿನ ಕಾಲದವರು ಇಂಥ ಅಜ್ಜಂದಿರ ಹೆಸರು ಇಟ್ಟರಲ್ಲ ಎಂದು ನನಗೆ ಆಶ್ಚರ್ಯವಾಯಿತು.

"ಜೂನ್ ಎರಡನೇ ಭಾನುವಾರಕ್ಕೆ ಅಲ್ಲಿರ್ತೀವಿ ತಾತ," ಎಂದಳು.

"ಅವತ್ತು ಬೇಡಮ್ಮ," ಎಂದು ಫೋಸ್ಕೊ ಕೂಗಿದ. "ಅವತ್ತು ಆ ಕಡೆಯವರ ಹಬ್ಬ. ಡೋಲು ಬಡಿದು ಮಗು ಕಿವಿ ತೂತು ಮಾಡ್ತಾರೆ. ಇನ್ನೊಂದೆರಡು ವಾರ ತಡ್ಕೊಂಡು ಬನ್ನಿ, ನಮ್ಮ ಹಬ್ಬ ಇರತ್ತೆ."

"ಇಲ್ಲ ತಾತ, ರಜ ಸಿಗೋದೇ ಅವಾಗ."

ಫೋನು ಇಟ್ಟವನೇ ಬೀರು ತೆಗೆದು ಒಂದು ಹೊಸ ರೇಷ್ಮೆ ವಸ್ತ್ರ ಹೊರತೆಗೆದ. ಕೆಂಪು, ಹಳದಿ, ಅಂಚಿಗೆ ನೀಲಿ, ನಡುವೆ ಕೊಂಬು ಚಾಚಿದ ಬಸವನಹುಳು. ಯಾವಾಗ ತಂದಿಟ್ಟಿದ್ದನೋ ದೇವರಿಗೇ ಗೊತ್ತು. "ಊರು ತೋರಿಸಿ ತೋರಿಸಿ ಮನಸ್ಸು ತಿರುಗಿಸ್ತೀನಿ, ನಮ್ಮ ಹಬ್ಬದ ತನಕ ನಿಲ್ಲಿಸ್ಕೋತೀನಿ. ಅಕ್ಕನ ಮರಿಮಗ ಅಂದ್ರೆ ನಮ್ಮ ಮನೆ ಮಗೂನೇ. ಯಜಮಾನರಿಗೆ ಹೇಳಿಡ್ತೀನಿ," ಎಂದ. ಅವನ ಕಣ್ಣು ಹೊಳೆಯುತ್ತಿತ್ತು. ಮದುವೆಯ ದಿನವೂ ಅಷ್ಟು ಹೊಳೆದಿರಲಿಲ್ಲ ಎಂದು ನನಗೆ ಸ್ವಲ್ಪ ಉರಿಯಿತು.

ಅವರು ಶುಕ್ರವಾರ ಬಂದರು. ಶನಿವಾರ ಬೆಳಿಗ್ಗೆ ಊರು ನೋಡಲು ಹೊರಟೆವು. ಇಲಾರಿಯಾ ತೆಳ್ಳಗೆ, ಮಾತು ಕಡಿಮೆ, ಹೆಗಲಿಗೆ ಒಂದು ದೊಡ್ಡ ಚೀಲ. ಅವಳ ಗಂಡ ಮಿರ್ಕೊ ಕೈಯಲ್ಲಿ ಫೋನು ಹಿಡಿದು ಅದರ ನಕ್ಷೆ ನೋಡುತ್ತ ನಡೆಯುವ ಹುಡುಗ. ಮಗು ತಳ್ಳುಗಾಡಿಯಲ್ಲಿ. ನಮ್ಮ ಬೀದಿಗಳ ಕಲ್ಲು ಹಾಸಿನ ಮೇಲೆ ಆ ಗಾಡಿ ಗಡಗಡ ಎಂದು ಕುಣಿಯುತ್ತಿತ್ತು. ಮಗು ಮೊದಲು ನಕ್ಕಿತು, ಆಮೇಲೆ ಬಿಕ್ಕಿತು, ಆಮೇಲೆ ಎಲ್ಲವನ್ನೂ ಸಹಿಸಿಕೊಂಡ ಮುದುಕನ ಹಾಗೆ ಮುಖ ಮಾಡಿ ಕೂತಿತು.

"ತಾತ, ಇಲ್ಲಿ ಎಡಕ್ಕೆ ತಿರುಗಿದ್ರೆ ಮಾರುಕಟ್ಟೆ ಇಲ್ಲೇ ಇದೆ," ಎಂದ ಮಿರ್ಕೊ.

"ನಿನ್ನ ಫೋನಿಗೇನು ಗೊತ್ತು? ಬಲಕ್ಕೆ."

"ಬಲಕ್ಕೆ ಹೋದ್ರೆ ಮೂರರಷ್ಟು ದೂರ. ಅದೂ ಏರು."

"ಏರು ಹತ್ತಿದ್ರೆ ನೋಟ ಚೆನ್ನಾಗಿರತ್ತೆ. ಬಸ್ಸು ಓಡಿಸಿದೋನು ನಾನಾ, ನೀನಾ?"

"ಬಸ್ಸಾದ್ರೂ ನೇರ ಹೋಗ್ತಿತ್ತು!"

ಎತ್ತು ಏರಿಗೆ, ಕೋಣ ನೀರಿಗೆ. ಬಲಕ್ಕೇ ಹೋದೆವು. ಚರ್ಚಿನ ಮೆಟ್ಟಿಲ ಹತ್ತಿರ ಗಾಡಿಯ ಮುಂದಿನ ಚಕ್ರ ಕಲ್ಲಿನ ಸಂದಿಗೆ ಸಿಕ್ಕಿತು, ಮಿರ್ಕೊ ಗಾಡಿಯನ್ನು ಹೆಗಲ ಮೇಲೆ ಹೊತ್ತ, ಮಗು ನನ್ನ ಸೊಂಟಕ್ಕೆ ಬಂತು. ಚೌಕದ ಇಳಿಜಾರಿನಲ್ಲಿ ಕೂತು ಬಾದಾಮಿ ಬಿಸ್ಕತ್ತು ತಿಂದೆವು. ಫೋಸ್ಕೊ ಮಗುವಿಗೆ ಕುದುರೆ ಯಾವ ತಿರುವಿನಲ್ಲಿ ಜಾರುತ್ತದೆ ಎಂದು ಬೆರಳು ಮಾಡಿ ತೋರಿಸಿದ. ಮಗು ಬೆರಳನ್ನೇ ಬಾಯಿಗೆ ಹಾಕಿಕೊಂಡಿತು. "ನೋಡು ನೋಡು, ಬುದ್ಧಿವಂತ! ನಮ್ಮ ಹಬ್ಬಕ್ಕೆ ಇದ್ದುಬಿಡಿ," ಎಂದ. ಇಲಾರಿಯಾ ಮಗುವಿನ ಬಾಯಿ ಒರೆಸಿದಳು. ಆಮೇಲೆ, "ತಾತ, ಅಜ್ಜಿ ಹುಟ್ಟಿದ ಮನೆ ತೋರಿಸ್ತೀರಾ?" ಎಂದಳು.

"ನಿನ್ನೆ ರಾತ್ರಿ ಮಲಗಿದ್ದೆಯಲ್ಲ, ಅದೇ ಮನೆ."

"ಇಲ್ಲ. ಅಜ್ಜಿ ಹೇಳ್ತಿದ್ದ ಮನೆ ಮುಂದೆ ಕಮಾನು ಇದೆ, ಪಕ್ಕದಲ್ಲಿ ಅಂಜೂರದ ಮರ ಗೋಡೆಯಿಂದ ಹೊರಗೆ ಬಗ್ಗಿದೆ."

ಫೋಸ್ಕೊ ಬಿಸ್ಕತ್ತಿನ ಪುಡಿಯನ್ನು ತೊಡೆಯಿಂದ ಝಾಡಿಸಿದ. "ವಯಸ್ಸಾದೋರಿಗೆ ಏನೇನೋ ನೆನಪಾಗತ್ತೆ," ಎಂದು ಎದ್ದು ನಡೆದೇಬಿಟ್ಟ. ನನಗೆ ಗೊಂದಲ. ಆ ಅಂಜೂರದ ಮರ ನನಗೆ ಗೊತ್ತು. ಬ್ರೆಡ್ಡು ತರುವ ದಾರಿಯಲ್ಲೇ ಇದೆ. ಆದರೆ ಅತ್ತೆ ಸಾಯುವ ಮುಂಚೆ ನನ್ನ ಕೈ ಹಿಡಿದು, ನನ್ನ ಇಬ್ಬರು ಮಕ್ಕಳೂ ಇದೇ ಮಂಚದ ಮೇಲೆ ಹುಟ್ಟಿದರು ಎಂದಿದ್ದರಲ್ಲ? ಸಾಯುವವರು ಸುಳ್ಳು ಹೇಳುತ್ತಾರೆಯೇ?

ಮನೆಗೆ ವಾಪಸು ಬರುವಾಗ ಬಿಸಿಲು ನೆತ್ತಿಗೇರಿತ್ತು. ಮಗು ಹಸಿದು ಕಿರುಚತೊಡಗಿತು. ಹಾಲಿನ ಪುಡಿಯಿದೆ, ನೀರು ಮುಗಿದಿದೆ. "ಹತ್ತಿರದಲ್ಲಿ ನಲ್ಲಿ ಎಲ್ಲಿ?" ಎಂದಳು ಇಲಾರಿಯಾ. ನಾವಾಗ ನಿಂತಿದ್ದದ್ದು ಬೀದಿಗಳು ಕವಲೊಡೆಯುವ ಮೂಲೆಯಲ್ಲಿ. ಗೋಡೆಯ ಮೇಲೆ ಕೇರಿಯ ಗಡಿ ತೋರಿಸುವ ಅಂಗೈಯಗಲದ ಒಂದು ಬಿಲ್ಲೆ, ಅದರಲ್ಲಿ ಆಮೆ. ಮರುದಿನ ಹಬ್ಬವಲ್ಲವೇ, ಆ ಬೀದಿಯ ಕಿಟಕಿಗಳಿಂದೆಲ್ಲ ಹಳದಿ ನೀಲಿ ಬಾವುಟ ಇಳಿಬಿಟ್ಟಿದ್ದರು.

"ಮನೇಲಿ ಕುಡಿಸಿದರಾಯ್ತು, ಇನ್ನೇನು ಬಂತು," ಎಂದ ಫೋಸ್ಕೊ, ಮನೆಯ ಕಡೆ ತಿರುಗುತ್ತ.

"ಇಲ್ಲೇ ಕಾರಂಜಿ ಇದೆ ಅಂತ ತೋರಿಸ್ತಿದೆ," ಎಂದ ಮಿರ್ಕೊ.

ಇಲಾರಿಯಾ ಯಾರ ಮಾತನ್ನೂ ಕೇಳಲಿಲ್ಲ. ನನ್ನ ಸೊಂಟದಿಂದ ಮಗುವನ್ನು ಎತ್ತಿಕೊಂಡು ಬಾವುಟಗಳ ಕೆಳಗೆ ನಡೆದುಹೋದಳು. ಮಿರ್ಕೊ ಗಾಡಿ ಹೊತ್ತು ಅವಳ ಹಿಂದೆ. ಫೋಸ್ಕೊ ಆ ಬಿಲ್ಲೆಯ ಕೆಳಗೆ ಗರ ಬಡಿದವನಂತೆ ನಿಂತ.

"ಬಾರಯ್ಯಾ, ಹಸಿದ ಮಗು!" ಎಂದೆ.

"ನೀನು ಹೋಗು."

"ಇದೇನು ಹಟ? ಯಾರು ಕಚ್ತಾರೆ ನಿನ್ನ?"

"ಹೋಗು ಅಂದೆನಲ್ಲ ದೆಲ್ಫೀನಾ." ಅವನ ದನಿ ಸಣ್ಣಗಾಗಿತ್ತು. ಬೈದಿದ್ದರೆ ನಾನೂ ಬೈಯುತ್ತಿದ್ದೆ. ಅದು ಬೈಗಳಲ್ಲ, ಏನೆಂದು ತಿಳಿಯದೆ ನಾನು ಹುಡುಗಿಯ ಹಿಂದೆ ಓಡಿದೆ.

ಕಮಾನಿನ ಪಕ್ಕದ ಕಿಟಕಿಯಲ್ಲಿ ಮುದುಕಿ ಇಸೋಲೀನಾ ಯಾವತ್ತಿನಂತೆ ಕೂತಿದ್ದಳು. ಬ್ರೆಡ್ಡಿಗೆ ಹೋದಾಗಲೆಲ್ಲ ತಲೆಯಾಡಿಸುವಷ್ಟು ಪರಿಚಯ. ಇಲಾರಿಯಾಳನ್ನು ಕಂಡವಳೇ ಕಿಟಕಿಯಿಂದ ಅರ್ಧ ಹೊರಗೆ ಬಂದಳು. "ಅಯ್ಯೋ ದೇವರೇ! ಅರ್ಜೀಯಾ ಮೂಗು, ಅರ್ಜೀಯಾ ನಡಿಗೆ! ಯಾರಮ್ಮಾ ನೀನು?"

"ಮೊಮ್ಮಗಳು," ಎಂದಳು ಇಲಾರಿಯಾ. ಚೀಲಕ್ಕೆ ಕೈ ಹಾಕಿ ಒಂದು ಹಳೆಯ ರೇಷ್ಮೆ ವಸ್ತ್ರ ತೆಗೆದಳು. ಬಣ್ಣ ಮಾಸಿದ ಹಳದಿ, ನೀಲಿ. ನಡುವೆ ಆಮೆ. "ಅಜ್ಜಿ ಕೊನೇಲಿ ಕೇಳ್ಕೊಂಡಿದ್ದು ಒಂದೇ. ಮಗು ಗಂಡಾದ್ರೆ ಅಂತೋನಿಯೊ ಅಂತ ಹೆಸರಿಡು, ನನ್ನ ಕಾರಂಜೀಲಿ ತಲೆ ತೋಯಿಸಿ ಬಾ ಅಂದ್ರು. ನಾಳೆ ಹಬ್ಬಕ್ಕೆ ಅಂತಾನೇ ಬಂದಿದೀನಿ. ಇಲ್ಲಿಯವರಿಗೆ ಮೊದಲೇ ಬರೆದು ಕೇಳಿದ್ದೆ, ಬಾ ಅಂದರು. ತಾತನಿಗೆ ಹೇಳೋಕೆ ಬಾಯಿ ಬರ್ಲಿಲ್ಲ."

ಸಂತ ಅಂತೋನಿಯೊ ಆಮೆ ಕೇರಿಯ ದೇವರು. ಅಷ್ಟು ದಿನ ಕಣ್ಣೆದುರಿಗೇ ಇದ್ದದ್ದು ನನಗೆ ಹೊಳೆದಿರಲಿಲ್ಲ. ಆದರೂ ಗಂಟು ಬಿಡಿಸಲಾಗದೆ ಇಸೋಲೀನಾಳನ್ನೇ ಕೇಳಿದೆ: "ಬಸವನಹುಳು ಮನೇಲಿ ಆಮೆ ಹೆಂಗೆ ಹುಟ್ತು?"

"ನಿಂಗೊತ್ತಿಲ್ವಾ? ಅವನ ಹೆಂಡ್ತಿ ಅಲ್ವೇನೇ ನೀನು? ಗೊತ್ತಿದ್ದೇ ಕಳ್ಳತನದಲ್ಲಿ ಬ್ರೆಡ್ಡು ತಗೋತೀಯ ಅಂದ್ಕೊಂಡಿದ್ದೆ!" ಎಂದಳು ಮುದುಕಿ. ಇಡೀ ಊರಿಗೆ ಗೊತ್ತಿದ್ದದ್ದು ಒಂದೇ ಮಂಚದಲ್ಲಿ ಮಲಗಿದ ನನಗೊಬ್ಬಳಿಗೇ ಗೊತ್ತಿರಲಿಲ್ಲ. ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು.

ಮಗು ಬಾಟಲಿ ಚೀಪುತ್ತಿದ್ದಂತೆ ಇಸೋಲೀನಾ ಹೇಳಿದಳು. ನಮ್ಮ ಅತ್ತೆ ಮಾರುಕಟ್ಟೆಯಿಂದ ತುಂಬು ಬಸುರಿಯಾಗಿ ಈ ಬೀದಿಯಲ್ಲಿ ಬರುತ್ತಿದ್ದಾಗ ನೋವು ಬಂತು. ಅಂಜೂರದ ಮರದ ಮನೆಯವರು ಒಳಗೆ ಕರೆದು ಮಲಗಿಸಿದರು, ಅಲ್ಲೇ ಅರ್ಜೀಯಾ ಹುಟ್ಟಿದಳು. ಆಗಿನ ಕಟ್ಟಳೆ ಒಂದೇ: ಯಾವ ಕೇರಿಯ ನೆಲದಲ್ಲಿ ಹುಟ್ಟಿತೋ ಮಗು ಆ ಕೇರಿಯದು. ನಮ್ಮ ಮಾವ ಬಸವನಹುಳು ಕೇರಿಯ ಡೋಲು ಹೊತ್ತವನು. ಮಗಳು ವೈರಿಯ ಪಾಲಾದದ್ದು ಅವನಿಗೆ ಗಂಟಲ ಮುಳ್ಳಾಯಿತು. ಮುಚ್ಚಿಟ್ಟ. ಆದರೆ ಹುಡುಗಿಗೆ ತಿಳಿಯಿತು, ತಿಳಿದದ್ದೇ ಕೊರಳಿಗೆ ಹಳದಿ ನೀಲಿ ಕಟ್ಟಿಕೊಂಡಳು. ಒಂದು ಬೇಸಿಗೆ ಆಮೆ ಕೇರಿಯ ಕುದುರೆ ಗೆದ್ದಾಗ ಅವಳೂ ಬೀದಿಯಲ್ಲಿ ಹಾಡಿ ಕುಣಿದಳು. ಮನೆಗೆ ಬಂದರೆ ಬಾಗಿಲು ಹಾಕಿತ್ತು.

"ನಮ್ಮನೇಲಿ ಸ್ವಲ್ಪ ದಿನ ಇದ್ಲು, ಆಮೇಲೆ ತೋರಿನೊ ರೈಲು ಹತ್ತಿದ್ಲು," ಎಂದಳು ಇಸೋಲೀನಾ. "ಹೊರಡೋ ದಿನ ತಮ್ಮ ಬಂದಿದ್ದ. ಚಿಕ್ಕ ಹುಡುಗ. ಅವಳೇ ಎತ್ತಿ ಆಡಿಸಿ ಬೆಳೆಸಿದೋಳು ಅವನ್ನ. ಆ ಬಿಲ್ಲೆ ಕೆಳಗೆ ನಿಂತು ಅಳ್ತಿದ್ದ. ಬಾರೋ, ಒಂದು ಮುತ್ತು ಕೊಟ್ಟು ಹೋಗ್ತೀನಿ ಅಂತ ಇವಳು ಇಲ್ಲಿಂದ ಕರೀತಾಳೆ. ಆ ಬೀದಿಗೆ ಕಾಲಿಟ್ರೆ ನೀನು ನನ್ನ ಮಗನೇ ಅಲ್ಲ ಅಂತ ಅಪ್ಪ ಆಣೆ ಹಾಕ್ಸಿದ್ದ. ಅವನು ಬರ್ಲಿಲ್ಲ. ಇವಳಿಗೂ ಅವಳಪ್ಪಂದೇ ಹಟ, ಅಲ್ಲಿಗೆ ಹೋಗ್ಲಿಲ್ಲ."

ನಾನು ತಿರುಗಿ ನೋಡಿದೆ. ಬೀದಿಯ ತುದಿಯಲ್ಲಿ, ಅದೇ ಬಿಲ್ಲೆಯ ಕೆಳಗೆ, ನನ್ನ ಮುದುಕ ಇನ್ನೂ ನಿಂತಿದ್ದ.

ಆ ದಿನ ಮನೆಯಲ್ಲಿ ಇಲಾರಿಯಾ ಅಳುತ್ತಲೇ ಎಲ್ಲ ಹೇಳಿದಳು. ಫೋಸ್ಕೊ ಹಳೆಯ ವಸ್ತ್ರವನ್ನು ಮುಟ್ಟಲಿಲ್ಲ, ದೂರದಿಂದಲೇ ನೋಡಿದ. "ಸರಿ," ಎಂದ. ನಾನು ಪೀಚಿ ಎಂಬ ದಪ್ಪ ಶಾವಿಗೆ ಹೊಸೆದು ಬೆಳ್ಳುಳ್ಳಿ ಸಾರು ಹಾಕಿ ಬಡಿಸಿದೆ, ಅದನ್ನೂ ತಿನ್ನಲಿಲ್ಲ. ಅವನಿಗೆ ಸಿಟ್ಟೋ, ದುಃಖವೋ, ಅಕ್ಕನ ಮೇಲೋ, ಅಪ್ಪನ ಮೇಲೋ, ಒಂದೂ ತಿಳಿಯಲಿಲ್ಲ. ಕೇಳಿದರೆ ಅವನಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ.

ಭಾನುವಾರ ಬೆಳಿಗ್ಗೆ ಡೋಲು ಶುರುವಾಯಿತು. ಇಲಾರಿಯಾ, ಮಿರ್ಕೊ ಮಗುವಿಗೆ ಬಿಳಿ ಅಂಗಿ ತೊಡಿಸಿ ಹೊರಟರು. ಬಾಗಿಲಲ್ಲಿ ಇಲಾರಿಯಾ ಒಂದು ಕ್ಷಣ ನಿಂತಳು. ಫೋಸ್ಕೊ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಅವರು ಹೋದರು. ನಾನು ತಡೆಯಲಾರದೆ ಬಾಯಿ ಬಿಟ್ಟೆ.

"ನಲವತ್ತು ವರ್ಷ ನನ್ನ ಹತ್ರ ಮುಚ್ಚಿಟ್ಟೆಯಲ್ಲ, ಹಾಳಾಗಿ ಹೋಗ್ಲಿ, ಅದನ್ನ ಆಮೇಲೆ ನೋಡ್ಕೋತೀನಿ. ಆ ಕಾರಂಜಿ ಹತ್ರ ಬೇರೆ ಮಕ್ಕಳಿಗೆಲ್ಲ ಅಜ್ಜ, ಅಜ್ಜಿ, ಅತ್ತೆ, ಮಾವ ಎಲ್ಲ ಇರ್ತಾರೆ. ಅರ್ಜೀಯಾ ಮಗೂಗೆ ಯಾರಯ್ಯಾ ಇದಾರೆ? ತೋರಿನೊ ಹುಡುಗನ ಫೋನಾ?"

ಅವನು ಎದ್ದ. ಕೋಟು ಹಾಕಿಕೊಂಡ. "ನಡಿ," ಎಂದ.

ಏರಿನ ಕಡೆ ತಿರುಗುತ್ತಾನೆ ಎಂದುಕೊಂಡೆ. ತಿರುಗಲಿಲ್ಲ. ಬಿಲ್ಲೆಯ ಹತ್ತಿರ ನಿಂತು ತನ್ನ ಬೂಟನ್ನು ನೋಡಿಕೊಂಡ, ಆಮೇಲೆ ನೀರಿಗೆ ಇಳಿಯುವವನ ಹಾಗೆ ಒಂದು ಕಾಲು ಮುಂದಿಟ್ಟ. ಸ್ವಲ್ಪ ದೂರ ಹೋದ ಮೇಲೆ ಬೀದಿ ಎರಡಾಗುತ್ತದೆ. ಅಲ್ಲಿ ಅವನು ನಿಂತುಬಿಟ್ಟ. ಎಡಕ್ಕೋ ಬಲಕ್ಕೋ ಅವನಿಗೆ ಗೊತ್ತಿಲ್ಲ! ಊರಿಗೆಲ್ಲ ದಾರಿ ತೋರಿಸುವವನು, ತನ್ನ ಮನೆಯ ಹೊಗೆ ಕಾಣುವಷ್ಟು ಹತ್ತಿರದಲ್ಲಿ, ಬೆಳಕಿಗೆ ಬಂದ ಗೂಬೆಯಂತೆ ಕಣ್ಣು ಕಣ್ಣು ಬಿಟ್ಟ. ನನಗೆ ದಾರಿ ಗೊತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಬೀದಿಯಲ್ಲಿ ಹಬ್ಬದ ಊಟಕ್ಕೆ ಕುರ್ಚಿ ಜೋಡಿಸುತ್ತಿದ್ದ ಹೆಂಗಸೊಬ್ಬಳನ್ನು ಕೇಳಿದ.

"ಅಮ್ಮಾ, ಕಾರಂಜಿಗೆ ಯಾವ ಕಡೆ ಹೋಗ್ಬೇಕು?"

"ಬಲಕ್ಕೆ, ಕಮಾನು ದಾಟಿ. ಹೊರಗಿನವರಾ ನೀವು?"

"ಹೌದು," ಎಂದ ಫೋಸ್ಕೊ. "ನಾನು ಹೊರಗಿನವನು. ನಮ್ಮ ಮಗು ಇಲ್ಲೀದು."

ಅವನ ತೋಳು ಹಿಡಿದುಕೊಂಡೆ. ಬೈಯಲು ಇಟ್ಟುಕೊಂಡಿದ್ದ ಮಾತೆಲ್ಲ ಆಗ ಮರೆತುಹೋಯಿತು.

ಕಾರಂಜಿಯ ಸುತ್ತ ಜನ. ಅವನನ್ನು ಗುರುತು ಹಿಡಿದವರು ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟಿದರು. ಫೋಸ್ಕೊ ಹಿಂದಿನ ಸಾಲಿನಲ್ಲಿ ನಿಲ್ಲಲು ಹೋದ, ಅದೇ ಅವನಿಗೆ ಅಭ್ಯಾಸ. ಇಲಾರಿಯಾ ನೋಡಿ ಕೈ ಹಿಡಿದು ಮುಂದಕ್ಕೆ ಎಳೆದುಕೊಂಡಳು, ಮಗುವನ್ನು ಅವನ ತೋಳಿಗೇ ಕೊಟ್ಟಳು. ಆಮೆ ಕೇರಿಯ ಯಜಮಾನರು ಒಂದು ಗಳಿಗೆ ಅವನ ಮುಖ ನೋಡಿ, ಏನೂ ಕೇಳದೆ, ಮಗುವಿನ ಹೆಸರು ಕೂಗಿ, ನೆತ್ತಿಯ ಮೇಲೆ ನೀರು ಹೊಯ್ದರು. ಅರ್ಜೀಯಾಳ ಹಳೆಯ ವಸ್ತ್ರವನ್ನೇ ಕೊರಳಿಗೆ ಕಟ್ಟಿದರು.

ನೀರು ತಣ್ಣಗಿತ್ತೋ ಏನೋ, ಮಗು ಕಮಾನು ಬಿರಿಯುವಂತೆ ಕಿರುಚಿತು. ಫೋಸ್ಕೊ ಗಾಬರಿಯಾಗಿ ಕೋಟಿನ ಜೇಬಿಗೆ ಕೈ ಹಾಕಿ, ಸಿಕ್ಕಿದ್ದನ್ನು ಎಳೆದು ಮಗುವಿನ ತಲೆ ಒರೆಸಲು ಹೋದ. ಕೆಂಪು ಹಳದಿ ರೇಷ್ಮೆ, ಕೊಂಬು ಚಾಚಿದ ಬಸವನಹುಳು. ಡೋಲು ನಿಂತಿತು. ಫೋಸ್ಕೊ ಕೈಯಲ್ಲಿದ್ದದ್ದನ್ನು ನೋಡಿಕೊಂಡು ಬಿಳಿಚಿಹೋದ, ಕೈ ಹಾಗೇ ಗಾಳಿಯಲ್ಲಿ ನಿಂತಿತು.

ಮೇಲಿನ ಕಿಟಕಿಯಿಂದ ಇಸೋಲೀನಾಳ ದನಿ ಬಂತು: "ಏನಯ್ಯಾ ನೋಡ್ತಾ ನಿಂತೆ? ಒರೆಸು, ಮಗೂಗೆ ಶೀತ ಆಗತ್ತೆ!"

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಫೋಸ್ಕೊ ನಗಲಿಲ್ಲ. ಅವನ ಕಣ್ಣು ತುಂಬಿತ್ತು. ಬಸವನಹುಳುವಿನ ವಸ್ತ್ರದಿಂದ ಆ ಪುಟ್ಟ ನೆತ್ತಿಯನ್ನು ಮೆಲ್ಲಗೆ ಒರೆಸಿದ, ಕಿವಿಯ ಹಿಂದೆ ಒರೆಸಿದ, ಕತ್ತಿನ ಮಡಿಕೆಯಲ್ಲಿ ಒರೆಸಿದ. ಆಮೇಲೆ ಬಗ್ಗಿ ಒಂದು ಮುತ್ತು ಕೊಟ್ಟು, ಪಕ್ಕದಲ್ಲಿದ್ದ ನನಗಷ್ಟೇ ಕೇಳುವಂತೆ, ಅಂದ:

"ಅಳಬೇಡ್ವೋ ಕಂದ. ಅಳಬೇಡ, ನನ್ನ ಆಮೆಮರಿ."